ಯೆಲ್ಲೆ ನಡೆದು ಬರೆದ ನಕ್ಷೆ

ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗ. ನಮ್ಮ ಪೋಡಿನ, ಅಂದರೆ ಹಾಡಿಯ, ಅರಣ್ಯ ಹಕ್ಕು ಸಮಿತಿಯ ಕಾರ್ಯದರ್ಶಿ. ಕಾಡಿನ ಮೇಲಿನ ಸಮುದಾಯ ಹಕ್ಕಿಗೆ ನೀವು ಅರ್ಜಿ ಹಾಕಿದ್ದು ಹೇಗೆ ಅಂತ ಬೇರೆ ಪೋಡುಗಳ ಹುಡುಗರು ಕೇಳುತ್ತಿರುತ್ತಾರೆ. ಅವರಿಗಾಗಿ ಇದು.

ಬುಡಕಟ್ಟು ಪ್ರದೇಶಗಳಿಗೆ ವಿಶೇಷ ರಕ್ಷಣೆ ಕೊಡುವ ಸಂವಿಧಾನದ 5ನೇ ಅನುಸೂಚಿಗೆ ಸೇರಿದ ಪ್ರದೇಶ ಕರ್ನಾಟಕದಲ್ಲಿ ಒಂದೂ ಇಲ್ಲ. ಹಾಗಾಗಿ ಅಂಥ ಪ್ರದೇಶದ ಗ್ರಾಮಸಭೆಗಳಿಗೆ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆ ನಮಗೆ ಅನ್ವಯಿಸಲ್ಲ. ಮೇಘಾಲಯದಲ್ಲಿ ಇರುವಂಥ ಸ್ವಾಯತ್ತ ಜಿಲ್ಲಾ ಮಂಡಳಿಯೂ ಇಲ್ಲ. ನಮ್ಮ ಕಾಡಿನ ವಿಚಾರ ನಾವೇ ತೀರ್ಮಾನಿಸೋಕೆ ಕೈಯಲ್ಲಿರುವುದು 2006ರ ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆ. ಅದೇನು ಸಣ್ಣದಲ್ಲ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ 12 ಗ್ರಾಮಸಭೆಗಳು ಗಣಿ ಬೇಡ ಅಂದವು, ಗಣಿ ಬರಲಿಲ್ಲ. ನಮ್ಮ ಬೆಟ್ಟದಲ್ಲೇ 2011ರಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು, ಅದೂ ಹುಲಿ ಸಂರಕ್ಷಿತ ಪ್ರದೇಶದ ಒಳಗೆ. ನಮ್ಮ ಪೋಡು ಆ ಪಟ್ಟಿಯಲ್ಲಿರಲಿಲ್ಲ.

ಮೊದಲ ಸಭೆ ಬೆಳಿಗ್ಗೆ 11ಕ್ಕೆ ಕರೆದೆ. ತಪ್ಪು ಮಾಡಿದೆ. ಆ ಹೊತ್ತಿಗೆ ಹೆಂಗಸರೆಲ್ಲ ಕಾಫಿ ತೋಟದ ಕೂಲಿಗೆ ಹೋಗಿರುತ್ತಾರೆ. ಸಭೆಗೆ ಅರ್ಧದಷ್ಟು ಸದಸ್ಯರು ಬರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಕೋರಂ ಇಲ್ಲದ ಸಭೆಯ ತೀರ್ಮಾನ ಮುಂದೆ ಬಿದ್ದುಹೋಗುತ್ತೆ. ಆಮೇಲಿಂದ ರಾತ್ರಿ ಊಟ ಮುಗಿದ ಮೇಲೆ ಸೇರುತ್ತೇವೆ. ನಡಾವಳಿಯನ್ನು ಅಲ್ಲೇ ಬರೆದು, ಎಲ್ಲರಿಗೂ ಓದಿ ಹೇಳಿ, ಆಮೇಲೆ ಸಹಿ, ಹೆಬ್ಬೆಟ್ಟು.

ಜಾಸ್ತಿ ದಿನ ಹಿಡಿದದ್ದು ನಕ್ಷೆ. ನಮ್ಮಲ್ಲಿ ಒಂದೊಂದು ಕುಲಕ್ಕೂ ಕಾಡಿನಲ್ಲಿ ಅದರದ್ದೇ ಯೆಲ್ಲೆ ಇದೆ. ದೇವರ ಜಾಗ, ಮಾರಮ್ಮ, ವೀರು ಅನ್ನುವ ದೈವದ ಜಾಗ, ತೀರಿಕೊಂಡವರ ಕಲ್ಲುಗುಡಿ, ನೀರಿನ ಅಬ್ಬಿ, ಎಲ್ಲ ಅದರೊಳಗೇ. ಇವು ಯಾವ ಕಾಗದದಲ್ಲೂ ಇರಲಿಲ್ಲ. ಹಿರಿಯರ ಬಾಯಲ್ಲಿದ್ದವು. ಮೂರು ವಾರ ಅವರ ಹಿಂದೆ ನಡೆದೆವು. ಲಾಂಟಾನ ಎಷ್ಟು ಬೆಳೆದಿತ್ತು ಅಂದರೆ ಹಳೇ ದಾರಿಯನ್ನೇ ಮಚ್ಚಿನಿಂದ ಕಡಿದು ಹುಡುಕಬೇಕಾಯಿತು. ಒಂದು ಕಲ್ಲುಗುಡಿ ಹತ್ತಿರ ನಾನು ಜಿಪಿಎಸ್ ಹಿಡಿದು ಸೀದಾ ನುಗ್ಗಿದೆ. ಜೊತೆಗಿದ್ದ ಅಜ್ಜ ತಡೆದರು. "ಮೊದ್ಲು ಮೆಟ್ಟು ಬುಡು ಕೂಸೇ. ಆಮ್ಯಾಲೆ ಬರ್ಕೊ." ಪೊದೆ ಸರಿಸಿ, ಪಾಚಿ ಹಿಡಿದ ಒಂದೊಂದೇ ಕಲ್ಲು ಮುಟ್ಟಿ ತೀರಿಕೊಂಡವರ ಹೆಸರು ಹೇಳುತ್ತಾ ಹೋದರು. ಅವರ ಅಪ್ಪ, ಅವರ ತಾತ. ನನ್ನ ಮುತ್ತಜ್ಜಿಯ ಹೆಸರು ನಾನು ಕೇಳಿದ್ದು ಅವತ್ತೇ ಮೊದಲು. ಹೆಂಗಸರು ಬೇರೆ ದಿನ ಬಂದು ನೂರೆ ಗೆಣಸು ಅಗೆಯುವ ಜಾಗಗಳನ್ನು ತೋರಿಸಿದರು. ಗಂಡಸರಿಗೆ ಅದರಲ್ಲಿ ಅರ್ಧವೂ ಗೊತ್ತಿರಲಿಲ್ಲ.

ಇದನ್ನು ಬಿಡಿಸಿ ಹೇಳಲು ಕಾರಣವಿದೆ. ಸಮಾಧಿ, ದೇವರ ಮರ, ಗೆಡ್ಡೆ ಗೆಣಸಿನ ಜಾಗ, ಹಿರಿಯರ ಹೇಳಿಕೆ, ಇವೆಲ್ಲ ಕಾಯ್ದೆಯ ನಿಯಮದ ಪ್ರಕಾರವೇ ಸಾಕ್ಷಿ. ಸರ್ಕಾರಿ ದಾಖಲೆ ಇಲ್ಲ ಅಂತ ಕೈಚೆಲ್ಲಬೇಡಿ. ನಮ್ಮ ಅರ್ಜಿ ಒಮ್ಮೆ ವಾಪಸ್ ಬಂತು. ದಾಖಲೆ ಸಾಲದು ಅಂತ ಬಾಯಲ್ಲಿ ಹೇಳಿ ಕಳಿಸಿದರು. ಕಾರಣ ಬರವಣಿಗೆಯಲ್ಲಿ ಕೊಡಿ ಎಂದು ಗ್ರಾಮಸಭೆಯೇ ಠರಾವು ಮಾಡಿ ಕೇಳಿತು. ಅದನ್ನು ಕೇಳುವ ಹಕ್ಕು ನಮಗಿದೆ. ಎರಡು ತಿಂಗಳಾದ ಮೇಲೆ ಅರ್ಜಿ ತೆಗೆದುಕೊಂಡು ಸ್ವೀಕೃತಿ ಕೊಟ್ಟರು. ಆ ಚೀಟಿಯ ಮೂರು ಜೆರಾಕ್ಸ್ ಮೂರು ಮನೆಯಲ್ಲಿವೆ.

ಹಕ್ಕುಪತ್ರ ಇನ್ನೂ ಬಂದಿಲ್ಲ. ಸುಮ್ನೆ ಕಾಯುತ್ತಾ ಕೂರೋಕೆ ಆಗಲ್ಲ ಅಲ್ವಾ? 2006ರಲ್ಲಿ ಕಾಡಿನ ಉತ್ಪನ್ನ ತಂದು ಮಾರುವುದು ನಿಂತಾಗ ಜೇನು ಇಳಿಸುತ್ತಿದ್ದ ನಮ್ಮ ಅಪ್ಪ ಕೂಲಿಗೆ ಹೋದರು. ಆ ಸಂಕಟ ನನಗೆ ಇವತ್ತಿಗೂ ಇದೆ. ಜೇನು, ನೆಲ್ಲಿಯ ಕಟ್ಟುಪಾಡುಗಳನ್ನು ಈಗಲೇ ಬರೆದಿಟ್ಟುಕೊಳ್ಳುತ್ತಿದ್ದೇವೆ. ನೆಲ್ಲಿ ಕೊಂಬೆ ಕಡಿಯಬಾರದು, ಮರದ ಮೇಲೆ ಬೆಳೆದು ಅದರ ಸಾರ ಹೀರುವ ಬಂದಳಿಕೆ ಕಂಡರೆ ಕಿತ್ತು ಬರಬೇಕು, ಹೆಜ್ಜೇನಿನಲ್ಲಿ ಮರಿಯಿರುವ ಭಾಗ ಬಿಡಬೇಕು. ಹೋದ ಸಭೆಯಲ್ಲಿ ಇಷ್ಟು ಒಪ್ಪಿಗೆಯಾಯಿತು. ಯಾವ ಕಡೆಯ ನೆಲ್ಲಿಯನ್ನು ಈ ವರ್ಷ ಮುಟ್ಟದೆ ಬಿಡಬೇಕು ಅನ್ನುವುದಕ್ಕೆ ಮಾತ್ರ ಜಗಳವೇ ನಡೆಯಿತು. ಅದು ಮುಂದಿನ ಸಭೆಗೆ ಹೋಗಿದೆ.