ಹಳ್ಳಿಯ ಕೊಳವೆಬಾವಿಯಿಂದ ಕ್ರಿಯಾ ಸಂಶೋಧನೆ ಶುರುಮಾಡುವುದು ಹೇಗೆ?

ಬಿ.ಎಡ್. ಮಾಡಿದವರಿಗೆ ಕ್ರಿಯಾ ಸಂಶೋಧನೆ ಅಂದರೆ ರೆಕಾರ್ಡ್ ಬರೆದು ಒಪ್ಪಿಸುವ ಕೆಲಸ. ಸಮಾಜ ಮನೋವಿಜ್ಞಾನಿ ಕರ್ಟ್ ಲೆವಿನ್ 1946ರಲ್ಲಿ ಮುಂದಿಟ್ಟ ಕ್ರಮ ಬೇರೆಯದು: ಯೋಜಿಸಿ, ಮಾಡಿ, ಫಲ ನೋಡಿ, ತಿದ್ದಿಕೊಂಡು ಮತ್ತೆ ಮಾಡಬೇಕು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಈ ಎರಡನೇ ಸುತ್ತು ಬರುವುದೇ ಅಪರೂಪ. ಒಂದು ಸರ್ವೆ, ಒಂದು ಬ್ಯಾನರ್, ಒಂದು ಗ್ರೂಪ್ ಫೋಟೊ ಆಗುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ.

ಹಾಗಾಗಿ ಒಂದು ಹಳ್ಳಿಗೆ ಎರಡು ಸೆಮಿಸ್ಟರ್ ಮೀಸಲಿಡಿ. ಕಾಲೇಜುಗಳನ್ನು ಹಳ್ಳಿಗಳೊಂದಿಗೆ ಜೋಡಿಸುವ ಕೇಂದ್ರದ ಯೋಜನೆಯಾದ ಉನ್ನತ ಭಾರತ ಅಭಿಯಾನದಡಿ ಐದು ಹಳ್ಳಿ ದತ್ತು ತೆಗೆದುಕೊಂಡಿದ್ದರೂ ಸಂಶೋಧನೆಗೆ ಒಂದೇ ಸಾಕು. ಎರಡು ಕ್ರೆಡಿಟ್‌ನ ಕೋರ್ಸಿನ 30 ಗಂಟೆಯಲ್ಲಿ ಅರ್ಧ ಕ್ಷೇತ್ರಕ್ಕೆ ಹೋದರೆ ಮೂರು ಗಂಟೆಯ ಐದು ಭೇಟಿ ಸಿಗುತ್ತವೆ. ಬಸ್ಸಿನಲ್ಲಿ ಕಳೆದ ಹೊತ್ತನ್ನು ಇದರಲ್ಲಿ ಸೇರಿಸಬೇಡಿ. ಬಿತ್ತನೆ, ಕೊಯ್ಲಿನ ದಿನಗಳಲ್ಲಿ ಹೋದರೆ ಮಾತಿಗೆ ಸಿಗುವವರು ಕಟ್ಟೆ ಮೇಲೆ ಕೂತವರು ಮಾತ್ರ.

ಪ್ರಶ್ನೆ ಊರಿನದಾಗಿರಬೇಕು. ವಾರ್ಡ್ ಸಭೆಯಲ್ಲಿ ಕೇಳಿ. ಸ್ವಸಹಾಯ ಸಂಘದ ಹೆಂಗಸರನ್ನೂ ದಲಿತ ಕೇರಿಯವರನ್ನೂ ಅವರವರ ಜಾಗದಲ್ಲೇ ಬೇರೆಯಾಗಿ ಕೇಳಿ. ಎಲ್ಲರನ್ನೂ ಪಂಚಾಯಿತಿ ಕಟ್ಟೆಗೆ ಕರೆದರೆ ಸದಸ್ಯರೇ ಉತ್ತರ ಕೊಟ್ಟು ಕಳಿಸುತ್ತಾರೆ.

ಕೋಲಾರ, ಪಾವಗಡದ ಕಡೆ ಮೊದಲು ಬರುವ ಮಾತು ಫ್ಲೋರೈಡ್, ಅಂದರೆ ಬೋರಿನ ನೀರಿನಲ್ಲಿ ಕರಗಿದ್ದು, ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಲವಣ. ಆಗ ನೀರುಗಂಟಿಯನ್ನು ಜತೆಗೆ ಕರೆದುಕೊಳ್ಳಿ. ಯಾವ ಬೋರಿನ ನೀರು ಯಾವ ಟ್ಯಾಂಕಿಗೆ ಏರುತ್ತದೆ ಎಂಬುದು ಅವರಿಗೆ ಬಾಯಿಪಾಠ. ಮೋಟಾರ್ ಐದು ನಿಮಿಷ ಓಡಿದ ಮೇಲೆ, ಅದೇ ನೀರಿನಲ್ಲಿ ಮೂರು ಸಲ ತೊಳೆದ 500 ಮಿ.ಲೀ. ಪ್ಲಾಸ್ಟಿಕ್ ಬಾಟಲಿಗೆ ಹಿಡಿಯಿರಿ. ಗಾಜಿನದು ಬೇಡ, ಫ್ಲೋರೈಡ್ ಗಾಜಿನೊಂದಿಗೆ ವರ್ತಿಸಿ ಅಳತೆ ಕೆಡುತ್ತದೆ. ಬೋರಿನ ಗುರುತು, ತಾರೀಖು, ವೇಳೆಯನ್ನು ಅಲ್ಲೇ ಬರೆಯಿರಿ. ವಾಪಸು ಬಂದಮೇಲೆ ಬರೆದರೆ ಬಾಟಲಿ ಅದಲುಬದಲಾಗುವುದು ಖಚಿತ. ಹತ್ತಕ್ಕೊಂದು ಮಾದರಿಯನ್ನು ಜೋಡಿಯಾಗಿ ಹಿಡಿದು, ಎರಡರ ಫಲಿತಾಂಶ ತಾಳೆ ನೋಡಿ. ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿ.ಗ್ರಾಂ ಒಪ್ಪಿತ ಮಿತಿ, ಬೇರೆ ಮೂಲವಿಲ್ಲದಿದ್ದರೆ 1.5ರ ತನಕ. ಸ್ಥಳದಲ್ಲೇ ನೀರು ಪರೀಕ್ಷಿಸುವ ಕಿಟ್‌ನಲ್ಲಿ ಈ ಗಡಿಯ ಆಸುಪಾಸು ಬಂದದ್ದನ್ನು ಲ್ಯಾಬಿನಲ್ಲಿ ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್‌ನಿಂದ ಮತ್ತೆ ಅಳೆಯಿರಿ.

ಫಲಿತಾಂಶವನ್ನು ಹದಿನೈದು ದಿನದೊಳಗೆ ಊರಿಗೆ ಒಪ್ಪಿಸಿ: ಮೊದಲು ಪಂಚಾಯಿತಿಗೆ, ಆಮೇಲೆ ಸಭೆಗೆ, ಪತ್ರಿಕೆಗೆ ಕೊನೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ ಎಂಬುದನ್ನು ತಪ್ಪದೆ ಹೇಳಿ.

ಕ್ರಿಯೆ ಎಂಬುದು ಇಲ್ಲಿಂದ ಶುರು. ಶುದ್ಧ ನೀರಿನ ಘಟಕವಿದ್ದೂ ಜನ ಬೋರಿನ ನೀರೇ ಕುಡಿಯುತ್ತಿದ್ದರೆ ‘ಅರಿವಿಲ್ಲ’ ಎಂದು ಷರಾ ಬರೆದುಬಿಡುವುದು ಸೋಮಾರಿತನ. ಬೀಗ ತೆಗೆಯುವ ವೇಳೆ ನೋಡಿ. ಕೂಲಿಯವರು ಮನೆ ಸೇರುವ ಮೊದಲೇ ಘಟಕ ಮುಚ್ಚುತ್ತಿದ್ದರೆ ಸಂಜೆ ಎರಡು ಗಂಟೆ ಹೆಚ್ಚು ತೆರೆಸಿ, ನಾಲ್ಕು ವಾರ ಕ್ಯಾನ್ ಎಣಿಸಿ. ಏರದಿದ್ದರೆ ದೂರವೋ, ದುಡ್ಡೋ, ರುಚಿಯೋ ಎಂದು ಕೇಳಿ ಮುಂದಿನ ಸುತ್ತಿಗೆ ಹೋಗಿ. ಘಟಕದಿಂದ ಹೊರಬರುವ ನೀರನ್ನೂ ಪರೀಕ್ಷಿಸುತ್ತಿರಿ. ನೀರು ಸೋಸುವ ಪೊರೆ (ಮೆಂಬ್ರೇನ್) ಹಳತಾದರೆ ಫ್ಲೋರೈಡ್ ಹಾಗೇ ದಾಟಿ ಬರುತ್ತದೆ.

ಮಕ್ಕಳ ಹಲ್ಲಿನ ಫೋಟೊ ಬೇಕೆಂದರೆ ನೈತಿಕ ಸಮಿತಿಯ ಅನುಮತಿ, ತಂದೆತಾಯಿಯ ಒಪ್ಪಿಗೆ ಮೊದಲೇ ಪಡೆಯಿರಿ. ಅಧ್ಯಾಪಕರ ಕ್ಷೇತ್ರಕಾರ್ಯವನ್ನು ವರ್ಕ್‌ಲೋಡ್‌ನಲ್ಲಿ ತೋರಿಸುವ ಆದೇಶವನ್ನು ಕುಲಸಚಿವರಿಂದ ಶುರುವಿನಲ್ಲೇ ಮಾಡಿಸಿಕೊಳ್ಳಿ. ಅದಿಲ್ಲದಿದ್ದರೆ ಎರಡನೇ ಸೆಮಿಸ್ಟರ್‌ಗೆ ಉಳಿಯುವುದು ಗೆಸ್ಟ್ ಲೆಕ್ಚರರ್ ಒಬ್ಬರೇ.