ಒಂದು ತರಗತಿ, ಒಂದು ನೋಟ್‌ಬುಕ್, ಇಬ್ಬರು ಸಂಶೋಧಕರು

ಹೋದ ತಿಂಗಳು ನಮ್ಮ ಭಾನುವಾರದ ಕೂಟದ ನಾಲ್ಕನೆಯವಳು ಕೊಲೊಕ್ವಿಯಂ, ಅಂದರೆ ಥೀಸಿಸ್ ಕೊಡುವ ಮುಂಚೆ ಎಲ್ಲರೆದುರು ಅದನ್ನು ಮಂಡಿಸುವುದನ್ನು, ಮುಗಿಸಿದಳು. ಶಿಕ್ಷಣಶಾಸ್ತ್ರದ ಹುಡುಗಿ. ಅವಳ ಥೀಸಿಸ್‌ನಲ್ಲಿ ಭಾಷಾವಿಜ್ಞಾನವೂ ಇದೆ, ಸಂಖ್ಯಾಶಾಸ್ತ್ರವೂ ಇದೆ. ಹಾಸನದಲ್ಲಿ ಹೀಗೆ ಬೇರೆ ಬೇರೆ ವಿಷಯದ ಪಿಎಚ್‌ಡಿ ಹುಡುಗರು ಒಟ್ಟಿಗೆ ಕೂತು ಕೆಲಸ ಮಾಡುವ ಕೂಟ ಶುರು ಮಾಡ್ತೀನಿ ಅಂದಾಗ, 'ಮೊದಲು ಒಂದು ವಿಷಯದಲ್ಲಿ ನೆಟ್ಟಗೆ ಪಿಎಚ್‌ಡಿ ಮುಗಿಸಲಿ ಬಿಡಿ ಮೇಡಂ' ಅಂದವರೇ ಜಾಸ್ತಿ. ಹಾಗಾಗಿ ನಡೆದದ್ದನ್ನು ಬರೆದಿಡುತ್ತಿದ್ದೇನೆ.

ಮೊದಲು ಸೋತ ಕಥೆ. 2019ರಲ್ಲಿ ಎರಡು ದಿನದ ಕಾರ್ಯಾಗಾರ ಮಾಡಿದೆ. ಹೊರಗಿನಿಂದ ಮೂವರು ಸಂಪನ್ಮೂಲ ವ್ಯಕ್ತಿಗಳು, ಅವರ ಪ್ರಯಾಣದ ಖರ್ಚು, ಊಟ, ಸರ್ಟಿಫಿಕೇಟ್, ಎಲ್ಲ ಸೇರಿ 40 ಸಾವಿರದ ಹತ್ತಿರ ಹೋಯಿತು. ಅರ್ಧದಷ್ಟು ನನ್ನ ಕೈಯಿಂದಲೇ. ಬಂದವರು 60 ಜನ. ಆರು ತಿಂಗಳು ಬಿಟ್ಟು ಕೇಳಿದರೆ ಬೇರೆ ವಿಭಾಗದವರ ಜೊತೆ ಕೂತು ಕೆಲಸ ಮಾಡಿದವರು ಒಬ್ಬರೂ ಇಲ್ಲ. ಎಲ್ಲರೂ ಕೇಳಿಸಿಕೊಂಡಿದ್ದರು, ಯಾರೂ ಒಟ್ಟಿಗೆ ಏನನ್ನೂ ನೋಡಿರಲಿಲ್ಲ.

ಆಮೇಲೆ ಮೂವರನ್ನು ಸೇರಿಸಿ ಒಂದು ಪೇಪರ್ ಬರೆಸಿದೆ. ಆಗ ಥೀಸಿಸ್ ಕೊಡುವ ಮುಂಚೆ ಪೇಪರ್ ಕಡ್ಡಾಯ. ಆ ಅವಸರಕ್ಕೆ ಆ ಮೂವರು, ದುಡ್ಡು ಕಟ್ಟಿಸಿಕೊಳ್ಳುವ ಒಂದು ಜರ್ನಲ್‌ಗೆ ನಾಲ್ಕೂವರೆ ಸಾವಿರ ಕಟ್ಟಿಬಿಟ್ಟರು. ಪೇಪರ್ ಯಾವ ಲೆಕ್ಕಕ್ಕೂ ಬರಲಿಲ್ಲ. ಮೊದಲ ಹೆಸರು ಯಾರದು ಅನ್ನೋ ವಿಚಾರಕ್ಕೆ ಇಬ್ಬರು ಮಾತು ಬಿಟ್ಟರು. ಅದು ನನಗೆ ಇವತ್ತಿಗೂ ನೋವು. 2022ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಆ ಕಡ್ಡಾಯ ತೆಗೆದ ಮೇಲೆ ಹುಡುಗರು ಸ್ವಲ್ಪ ಉಸಿರಾಡಿದರು.

ಈಗ ನಡೀತಿರೋ ಪದ್ಧತಿ ಇದು. ಬೇರೆ ಬೇರೆ ವಿಷಯದ ಇಬ್ಬರಿಗೆ ಸೇರಿ ಒಂದು 200 ಪುಟದ ನೋಟ್‌ಬುಕ್. ಇಬ್ಬರೂ ಒಂದೇ ಶಾಲೆಗೆ, ಒಂದೇ ದಿನ ಹೋಗಬೇಕು. ಬಲಪುಟದಲ್ಲಿ ಒಬ್ಬರು ಕಂಡದ್ದನ್ನು ಬರೆಯಬೇಕು. ಎಡಪುಟ ಇನ್ನೊಬ್ಬರ ಪ್ರಶ್ನೆಗೆ. ಮುಂದಿನ ವಾರ ಅದಲುಬದಲು. ಬರವಣಿಗೆ ಕನ್ನಡದಲ್ಲೇ, ತಮ್ಮ ವಿಷಯದ ಪಾರಿಭಾಷಿಕ ಪದ ಒಂದೂ ಇಲ್ಲದೆ. ತಿಂಗಳಿಗೊಂದು ಭಾನುವಾರ ನಮ್ಮ ಮನೆ ಮಹಡಿಯಲ್ಲಿ ಮೂರು ಗಂಟೆ ಕೂತು ಓದುತ್ತೇವೆ. ಮೊದಲ ನಾಲ್ಕು ತಿಂಗಳು ಪೇಪರ್ ಮಾತೇ ಎತ್ತುವ ಹಾಗಿಲ್ಲ. ಯಾರನ್ನು ಯಾರ ಜೊತೆ ಹಾಕಬೇಕು ಅಂತ ತಿಳಿಯೋಕೆ ನಾನು ಮೊದಲ ದಿನ ಒಂದು ಸಣ್ಣ ಕೆಲಸ ಕೊಡುತ್ತೇನೆ. ಅದನ್ನು ಇಲ್ಲಿ ಹೇಳೋದಿಲ್ಲ. ಮುಂಚೆಯೇ ಗೊತ್ತಾದರೆ ಅದು ನಡೆಯೋದೇ ಇಲ್ಲ.

ಸಕಲೇಶಪುರದ ಕಡೆಯ ಶಾಲೆಯಲ್ಲಿ ನಡೆದದ್ದು ಕೇಳಿ. ಮೊದಲು ಹೇಳಿದ ಶಿಕ್ಷಣಶಾಸ್ತ್ರದ ಹುಡುಗಿ ಮೂರನೇ ತರಗತಿಯ ಓದಿನ ಪರೀಕ್ಷೆ ಮಾಡುತ್ತಿದ್ದಳು. ಸುತ್ತಲಿನ ಮೂರು ನಾಲ್ಕು ಶಾಲೆ ಸೇರಿ 60 ಮಕ್ಕಳು. ಇಪ್ಪತ್ತಕ್ಕೂ ಹೆಚ್ಚು ಮಕ್ಕಳಿಗೆ 'ಓದಲು ಬಾರದು' ಅಂತ ಗುರುತು ಹಾಕಿದ್ದಳು. ಭಾಷಾವಿಜ್ಞಾನದ ಹುಡುಗ ಪಕ್ಕದಲ್ಲಿ ಕೂತು ಕೇಳುತ್ತಿದ್ದ. 'ಹೋಗುತ್ತಿದ್ದಳು' ಅಂತ ಅಚ್ಚಾಗಿದ್ದದ್ದನ್ನು ಮಗು 'ಹೋಗ್ತಿದ್ಲು' ಅಂತ ಓದಿತು. ಇವಳು ತಪ್ಪು ಹಾಕಿದಳು. ಅವನು ಎಡಪುಟದಲ್ಲಿ ಬರೆದ: 'ಮಗು ತಪ್ಪು ಓದಿಲ್ಲ. ಅರ್ಥ ಮಾಡಿಕೊಂಡು ತನ್ನ ಬಾಯಿಮಾತಲ್ಲಿ ಹೇಳಿದೆ. ಇದನ್ನು ತಪ್ಪು ಅನ್ನಬಹುದಾ?' ಮನೆಯಲ್ಲಿ ತುಳು, ತಮಿಳು ಆಡುವ ಲೈನ್ ಮನೆ (ತೋಟದ ಕೂಲಿಯವರ ಸಾಲುಮನೆ) ಮಕ್ಕಳ ತಪ್ಪುಗಳು ಇನ್ನೊಂದು ಥರ ಇದ್ದವು. ರೆಕಾರ್ಡಿಂಗ್ ಎಲ್ಲ ಮತ್ತೆ ಕೇಳಿ, ಎರಡನ್ನೂ ಬೇರೆ ಮಾಡಿ ಅಂಕ ಹಾಕಿದಾಗ ಎಂಟೊಂಬತ್ತು ಮಕ್ಕಳು ಆ ಪಟ್ಟಿಯಿಂದ ಹೊರಬಂದರು. ಅದೇ ಅವಳ ಮೂರನೇ ಅಧ್ಯಾಯ ಆಯಿತು. ಇಂಥದ್ದು ಯಾವ ಕಾರ್ಯಾಗಾರದಲ್ಲಿ ಹುಟ್ಟುತ್ತಿತ್ತು ಹೇಳಿ?

ಸಂಖ್ಯಾಶಾಸ್ತ್ರದ ಹುಡುಗ ಆಮೇಲೆ ಸೇರಿದ. ಅವನು ಹಾಜರಿ ಪುಸ್ತಕ ತೆಗೆದು ಕೇಳಿದ ಮೊದಲ ಪ್ರಶ್ನೆ, 'ಪರೀಕ್ಷೆ ಯಾವ ತಿಂಗಳು ಮಾಡಿದ್ರಿ?' ಡಿಸೆಂಬರ್. ಕಾಫಿ ಕುಯ್ಲು ಜೋರಾಗಿರುವ ತಿಂಗಳು. ತೋಟದ ಮಕ್ಕಳಲ್ಲಿ ಅರ್ಧದಷ್ಟು ಬಂದೇ ಇರಲಿಲ್ಲ. ಬಂದವರ ಸರಾಸರಿಯನ್ನು ಎಲ್ಲರದ್ದೂ ಅಂದುಕೊಂಡಿದ್ದೆವು. ಆಗಸ್ಟ್‌ನಲ್ಲಿ ಮತ್ತೆ ಮಾಡಬೇಕಾಯಿತು. ಎಂಟು ತಿಂಗಳು ಹೋಯಿತು. ಅವಳು ಅತ್ತಳು, ನಿಜ. ಆದರೆ ಕೊಲೊಕ್ವಿಯಂನಲ್ಲಿ ಈ ಪ್ರಶ್ನೆ ಬಂದಾಗ ಉತ್ತರ ಅವಳ ಕೈಯಲ್ಲಿತ್ತು.

ದುಡ್ಡಿನ ವಿಷಯ ಮುಚ್ಚಿಡೋದಿಲ್ಲ. ಜೆಆರ್‌ಎಫ್ (ಸಂಶೋಧಕರಿಗೆ ಸಿಗುವ ಸರ್ಕಾರಿ ಫೆಲೋಶಿಪ್) ಇದ್ದವರಿಗೆ 2023ರಿಂದ ತಿಂಗಳಿಗೆ 37 ಸಾವಿರ. ನಮ್ಮ ಕೂಟದಲ್ಲಿ ಅಂಥವರು ಒಬ್ಬರೇ. ಉಳಿದವರು ಅತಿಥಿ ಉಪನ್ಯಾಸಕರು, ಇಲ್ಲವೇ ಮನೆಪಾಠ ಮಾಡುವವರು. ಸಕಲೇಶಪುರ 40 ಕಿಲೋಮೀಟರ್, ಅಲ್ಲಿಂದ ತೋಟದೊಳಗಿನ ಶಾಲೆಗೆ ಆಟೊ. ಒಂದು ಜೋಡಿಗೆ ತಿಂಗಳಿಗೆ ಹೆಚ್ಚುಕಡಿಮೆ 1,200 ರೂಪಾಯಿ ಬೀಳುತ್ತಿತ್ತು. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ ಬಸ್ ಖರ್ಚು ಉಳಿಯಿತು, ಆ ಹಣ ಜೆರಾಕ್ಸ್‌ಗೆ ಹೋಯಿತು. ಮೂರು ಜೋಡಿಗೆ ಒಂದು ವರ್ಷ ಪೂರ್ತಿ ಆದ ಖರ್ಚು ಹೆಚ್ಚುಕಡಿಮೆ ಆ ಎರಡು ದಿನದ ಕಾರ್ಯಾಗಾರದಷ್ಟೇ. ಈ ಲೆಕ್ಕ ತೋರಿಸಿದ ಮೇಲೆ ಇಬ್ಬರು ಹಿರಿಯ ಸಹೋದ್ಯೋಗಿಗಳು ತಾವಾಗಿಯೇ ತಿಂಗಳಿಗೆ 500 ಕೊಡುತ್ತಿದ್ದಾರೆ.

ನಡುವೆ ನನಗೊಂದು ಹುಚ್ಚು ಹಿಡಿಯಿತು. ಮಲೆನಾಡಿನ ತೋಟದವರು ದಿನದಿನದ ಮಳೆಯನ್ನು ಇಂಚಿನಲ್ಲಿ ಬರೆದಿಡುತ್ತಾರಲ್ವಾ? ಒಬ್ಬರ ಹತ್ತಿರ ಹತ್ತು ವರ್ಷದ ಪುಸ್ತಕ ಇತ್ತು. ಅದನ್ನು ಹಾಜರಿ ಪುಸ್ತಕದ ಪಕ್ಕ ಇಟ್ಟು ನೋಡಿದೆವು. ಮಳೆ ಜಾಸ್ತಿಯಾದಷ್ಟೂ ಹಾಜರಿ ಇಳಿಯುತ್ತದೆ ಅಂದುಕೊಂಡಿದ್ದೆ. ರಜೆ ಕೊಟ್ಟ ದಿನ ಬಿಟ್ಟರೆ ಹಾಗೇನೂ ಇರಲಿಲ್ಲ. ಆದರೆ ಸುಮಾರು ನಾಲ್ಕು ಇಂಚು ದಾಟಿದ ಮಾರನೆಯ ದಿನ ಹಳ್ಳದಾಚೆಯ ಆರೇಳು ಮಕ್ಕಳು ಮಾತ್ರ ಇಲ್ಲ. ಕಾಲುಸಂಕ ಮುಳುಗುತ್ತಿತ್ತು. ಇದು ಯಾರ ಥೀಸಿಸ್‌ಗೂ ಸೇರಲಿಲ್ಲ. ಮುಖ್ಯೋಪಾಧ್ಯಾಯರು ಆ ಹಾಳೆ ಹಿಡಿದುಕೊಂಡು ಪಂಚಾಯಿತಿಗೆ ಹೋದರು.

ಗೈಡ್‌ಗಳ ಜೊತೆ ಮಾತಾಡೋದು ಮಾತ್ರ ನಾನೇ ಮಾಡುತ್ತೇನೆ. ಹುಡುಗರನ್ನು ಕಳಿಸಿದರೆ 'ನಿನಗ್ಯಾಕೆ ಬೇರೆಯವರ ವಿಷಯ' ಅನ್ನುವಲ್ಲಿಗೇ ಮಾತು ಮುಗಿಯುತ್ತದೆ. ನಾನು ನೋಟ್‌ಬುಕ್ಕನ್ನೇ ತೆಗೆದುಕೊಂಡು ಹೋಗಿ ಮುಂದಿಡುತ್ತೇನೆ. ಒಬ್ಬರು ಕೊನೆಗೂ ಒಪ್ಪಲಿಲ್ಲ, ಆ ಹುಡುಗ ಕೂಟ ಬಿಟ್ಟ. ಉಳಿದವರು ಎರಡು ಪುಟ ಓದಿ ಸುಮ್ನಾದರು.

ಹೆಸರಿನ ಜಗಳಕ್ಕೆ ಈಗ ಒಂದು ಕಟ್ಟುಪಾಡು ಮಾಡಿದ್ದೇನೆ. ನೋಟ್‌ಬುಕ್‌ನ ಮೊದಲ ಪುಟದಲ್ಲೇ ಯಾವ ಮಾಹಿತಿ ಯಾರ ಥೀಸಿಸ್‌ಗೆ, ಯಾವ ಪೇಪರ್‌ನಲ್ಲಿ ಯಾರ ಹೆಸರು ಮೊದಲು ಅಂತ ಬರೆದು ಇಬ್ಬರೂ ಸಹಿ ಹಾಕಬೇಕು. ಸಹಿ ಬೀಳುವ ತನಕ ಬಸ್ ಹತ್ತುವ ಹಾಗಿಲ್ಲ. ಆಗ ಮಾತು ಬಿಟ್ಟಿದ್ದ ಇಬ್ಬರಲ್ಲಿ ಒಬ್ಬಳು ಹೋದ ವರ್ಷ ವಾಪಸ್ ಬಂದಳು. ಮೊದಲ ಪುಟಕ್ಕೆ ಸಹಿ ಹಾಕಿ, ಈಗ ಅರಸೀಕೆರೆ ಕಡೆಯ ಶಾಲೆಗೆ ಹೋಗುತ್ತಿದ್ದಾಳೆ.