ಸೈಟಿಗೆ ಜನ ಬರ್ತಾರೆ, ಆರ್ಡರ್ ಯಾಕೆ ಬರಲ್ಲ? ಅನಾಲಿಟಿಕ್ಸ್ ನೋಡುವ ಕ್ರಮ

ಪುಣೆಯ ಸಿಂಹಗಡ ರೋಡಿನಲ್ಲಿ ವಿಜಯಪುರ ಕಡೆಯ ಅಕ್ಕ ಒಬ್ಬರು ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಮಾಡಿ ಮಾರುತ್ತಾರೆ. ಅವರ ವೆಬ್‌ಸೈಟ್ ನೋಡಿಕೊಳ್ಳುವುದು ನಾನು. ಇಲ್ಲಿನ ಕನ್ನಡದವರ ಇನ್ನೂ ಕೆಲವು ಸಣ್ಣ ಸೈಟುಗಳು ನನ್ನ ಕೈಯಲ್ಲಿವೆ: ಒಂದು ಖಾನಾವಳಿ, ಒಂದು ಸೀರೆ ಅಂಗಡಿ, ಚಿಂಚವಡದ ಒಂದು ಟ್ಯೂಷನ್ ಕ್ಲಾಸ್. ಎಲ್ಲರೂ ಮೊದಲು ಕೇಳುವುದು "ಎಷ್ಟು ಜನ ಬಂದ್ರು?" ಅಂತ. ಅಕ್ಕ ಕೇಳಿದ್ದು ಬೇರೆ: "ಇಷ್ಟು ಮಂದಿ ನೋಡ್ತಾರಂದ್ರ ಆರ್ಡರ್ ಯಾಕ ಬರವಲ್ದು ತಮ್ಮಾ?"

ಸರಿಯಾದ ಪ್ರಶ್ನೆ ಅದೇ. ಬಂದವರ ಲೆಕ್ಕದಿಂದ ಅರ್ಧ ಮಾತ್ರ ಗೊತ್ತಾಗುತ್ತದೆ. ಬಂದವರು ಏನು ಹುಡುಕಿಕೊಂಡು ಬಂದರು, ಯಾವ ಪುಟದಲ್ಲಿ ಬೇಸತ್ತು ವಾಪಸ್ ಹೋದರು, ಇದು ತಿಳಿದರೆ ಸೈಟನ್ನು ಸರಿ ಮಾಡಬಹುದು. ನಾನು ಮಾಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಬಳಸುವುದು ಗೂಗಲ್‌ನ ಎರಡು ಸಾಧನ: ಸೈಟಿಗೆ ಬಂದವರು ಏನು ಮಾಡಿದರು ಅಂತ ತೋರಿಸುವ ಗೂಗಲ್ ಅನಾಲಿಟಿಕ್ಸ್ 4, ಗೂಗಲ್ ಹುಡುಕಾಟದಲ್ಲಿ ಸೈಟ್ ಹೇಗೆ ಕಾಣಿಸಿಕೊಂಡಿತು ಅಂತ ತೋರಿಸುವ ಸರ್ಚ್ ಕನ್ಸೋಲ್. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಹಳೆಯ ಯೂನಿವರ್ಸಲ್ ಅನಾಲಿಟಿಕ್ಸ್ 2023ರ ಜುಲೈ 1ರಿಂದ ಹೊಸ ಡೇಟಾ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಹಾಗಾಗಿ ಅದಕ್ಕೂ ಹಿಂದಿನ ಯೂಟ್ಯೂಬ್ ಪಾಠ ನೋಡಿ ಮೆನು ಹುಡುಕಬೇಡಿ, ಸಿಗುವುದಿಲ್ಲ.

ಮೊದಲ ದಿನವೇ ಸರಿ ಮಾಡಬೇಕಾದ್ದು

ಅನಾಲಿಟಿಕ್ಸ್‌ನ ಅಡ್ಮಿನ್‌ಗೆ, ಅಂದರೆ ಸೆಟ್ಟಿಂಗ್ಸ್ ಭಾಗಕ್ಕೆ, ಹೋಗಿ ಸಮಯ ವಲಯ ಭಾರತದ್ದು ಇದೆಯಾ ನೋಡಿ. ಅಮೆರಿಕದ ಸಮಯ ಇದ್ದರೆ ನಿಮ್ಮ ಸಂಜೆಯ ಜನ ಬೆಳಗಿನವರಾಗಿ ಕಾಣುತ್ತಾರೆ. ಮುಂದಿನ ಎಲ್ಲ ಲೆಕ್ಕವೂ ಸೊಟ್ಟ.

ಆಮೇಲೆ ಡೇಟಾ ರಿಟೆನ್ಷನ್, ಅಂದರೆ ವಿವರವಾದ ಡೇಟಾವನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು ಅನ್ನುವುದು. ಇದು ತಾನಾಗಿ 2 ತಿಂಗಳಿಗೆ ಇರುತ್ತದೆ, 14 ತಿಂಗಳಿಗೆ ಬದಲಾಯಿಸಿ. ಮಾಮೂಲಿ ರಿಪೋರ್ಟುಗಳಿಗೆ ಇದರಿಂದ ವ್ಯತ್ಯಾಸ ಇಲ್ಲ. ಆದರೆ 'ಎಕ್ಸ್‌ಪ್ಲೋರ್' ವಿಭಾಗದಲ್ಲಿ ಆಳವಾಗಿ ಕೆದಕಬೇಕಾದಾಗ ಹಳೆಯದು ಬೇಕೇ ಬೇಕು. ರೊಟ್ಟಿ ವ್ಯಾಪಾರವನ್ನೇ ನೋಡಿ. ಸಂಕ್ರಾಂತಿ ಹತ್ತಿರ ಬಂದರೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಕೇಳುವವರು ಜಾಸ್ತಿ. ಜನವರಿಯನ್ನು ಫೆಬ್ರವರಿ ಜೊತೆ ಹೋಲಿಸಿದರೆ ವ್ಯಾಪಾರ ಬಿದ್ದುಹೋಯ್ತು ಅಂತ ಸುಮ್ನೆ ಗಾಬರಿ. ಹೋದ ವರ್ಷದ ಅದೇ ಹಬ್ಬದ ಜೊತೆ ಹೋಲಿಸಬೇಕು.

ನಿಮ್ಮದೇ ಓಡಾಟವನ್ನೂ ಲೆಕ್ಕದಿಂದ ತೆಗೆಯಿರಿ. ಸಣ್ಣ ಸೈಟಿನಲ್ಲಿ ಮಾಲೀಕರು, ಅವರ ಮಗ, ಸೈಟ್ ಮಾಡಿದವನು, ಇವರೇ ದಿನಕ್ಕೆ ಹತ್ತಾರು ಸಲ ತೆರೆಯುತ್ತಾರೆ ಅಲ್ವಾ? 'ಇಂಟರ್ನಲ್ ಟ್ರಾಫಿಕ್' ಅನ್ನುವಲ್ಲಿ ಮನೆಯ ಐಪಿ ವಿಳಾಸ (ನಿಮ್ಮ ಇಂಟರ್ನೆಟ್ ಸಂಪರ್ಕದ ನಂಬರ್) ಕೊಡಿ. ಫಿಲ್ಟರ್ ಶುರುವಿನಲ್ಲಿ 'ಟೆಸ್ಟಿಂಗ್' ಸ್ಥಿತಿಯಲ್ಲಿ ಇರುತ್ತದೆ, ಅದನ್ನು 'ಆಕ್ಟಿವ್' ಮಾಡುವುದು ಮರೆಯಬೇಡಿ. ಬ್ರಾಡ್‌ಬ್ಯಾಂಡ್ ಐಪಿ ಬದಲಾಗುತ್ತಾ ಇದ್ದರೆ ಆಗಾಗ ನೋಡಿ ಸರಿಪಡಿಸಬೇಕು.

ನಿಮಗೆ ಬೇಕಾದ ಒಂದು ಕ್ಲಿಕ್ ಯಾವುದು?

ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಿ. ಸೈಟಿಗೆ ಬಂದವರು ಏನು ಮಾಡಿದರೆ ನಿಮಗೆ ಖುಷಿ? ಅಕ್ಕನ ಸೈಟಿನಲ್ಲಿ ಆನ್‌ಲೈನ್ ಪೇಮೆಂಟ್ ಇಲ್ಲ. ಜನ ವಾಟ್ಸಾಪ್ ಬಟನ್ ಒತ್ತುತ್ತಾರೆ, ಮಾತಾಡುತ್ತಾರೆ, ಯುಪಿಐ ಮಾಡುತ್ತಾರೆ. ಹಾಗಾದರೆ ಅಳೆಯಬೇಕಾದ್ದು ಆ ವಾಟ್ಸಾಪ್ ಕ್ಲಿಕ್. ಟ್ಯೂಷನ್ ಕ್ಲಾಸಿಗಾದರೆ ಫಾರ್ಮ್ ತುಂಬುವುದು.

ಸೈಟಿನಲ್ಲಿ ಜನ ಮಾಡುವ ಒಂದೊಂದು ಕೆಲಸವನ್ನೂ ಅನಾಲಿಟಿಕ್ಸ್ 'ಈವೆಂಟ್' ಅನ್ನುತ್ತದೆ. ಅಡ್ಮಿನ್‌ನಲ್ಲಿ 'ಎನ್‌ಹಾನ್ಸ್‌ಡ್ ಮೆಷರ್‌ಮೆಂಟ್' ಆನ್ ಇದ್ದರೆ ಹೊರಗಿನ ಸೈಟಿಗೆ ಹೋಗುವ ಎಲ್ಲ ಕ್ಲಿಕ್‌ಗಳೂ 'ಕ್ಲಿಕ್' ಅನ್ನುವ ಈವೆಂಟ್ ಆಗಿ ತಾವಾಗಿಯೇ ದಾಖಲಾಗುತ್ತವೆ. ವಾಟ್ಸಾಪ್ ಲಿಂಕ್ ಕೂಡ ಅದರಲ್ಲೇ ಬರುತ್ತದೆ. ಇನ್‌ಸ್ಟಾಗ್ರಾಂಗೆ, ಮ್ಯಾಪ್‌ಗೆ ಹೋಗುವವರೂ ಅದರಲ್ಲೇ ಸೇರಿರುವುದರಿಂದ ವಾಟ್ಸಾಪನ್ನು ಬೇರೆ ಮಾಡಬೇಕು. ಅಡ್ಮಿನ್‌ನಲ್ಲಿ ಈವೆಂಟ್ಸ್‌ಗೆ ಹೋಗಿ ಹೊಸ ಈವೆಂಟ್ ಮಾಡಿ. ಷರತ್ತು ಎರಡು: ಈವೆಂಟ್ ಹೆಸರು 'ಕ್ಲಿಕ್' (ಇಂಗ್ಲಿಷಿನಲ್ಲಿ click), ಲಿಂಕ್ ಡೊಮೇನ್ ಅಂದರೆ ನಿಮ್ಮ ವಾಟ್ಸಾಪ್ ಲಿಂಕಿನ ಡೊಮೇನ್ (ವಿಳಾಸದಲ್ಲಿ ಸೈಟಿನ ಹೆಸರಿರುವ ಭಾಗ). ಅದಕ್ಕೊಂದು ಹೆಸರು ಕೊಟ್ಟು 'ಕೀ ಈವೆಂಟ್', ಅಂದರೆ ನಿಮಗೆ ಮುಖ್ಯವಾದ ಈವೆಂಟ್, ಅಂತ ಗುರುತು ಹಾಕಿ. 2024ಕ್ಕೆ ಮುಂಚೆ ಇದನ್ನೇ ಕನ್ವರ್ಷನ್ ಅನ್ನುತ್ತಿದ್ದರು. ಫೋನ್ ನಂಬರ್ ಮೇಲೆ ಒತ್ತುವುದು ಮಾತ್ರ ಹೀಗೆ ತಾನಾಗಿ ಸಿಗುವುದಿಲ್ಲ, ಅದಕ್ಕೆ ಗೂಗಲ್‌ನದೇ ಇನ್ನೊಂದು ಸಾಧನ ಟ್ಯಾಗ್ ಮ್ಯಾನೇಜರ್ ಬೇಕು.

ಮಾಡಿದ ತಕ್ಷಣ ನಿಮ್ಮ ಫೋನಿನಲ್ಲಿ ವೈಫೈ ತೆಗೆದು (ಮನೆಯ ಐಪಿಯನ್ನು ಲೆಕ್ಕದಿಂದ ತೆಗೆದಿದ್ದೀರಲ್ಲ) ಬಟನ್ ಒತ್ತಿ, ರಿಯಲ್‌ಟೈಮ್ ರಿಪೋರ್ಟಿನಲ್ಲಿ ಕಾಣುತ್ತದಾ ನೋಡಿ. ಬೇರೆ ರಿಪೋರ್ಟುಗಳಿಗೆ ಬರಲು 24ರಿಂದ 48 ಗಂಟೆ ಹಿಡಿಯಬಹುದು.

ಎಲ್ಲಿಂದ ಬಂದರು

'ಟ್ರಾಫಿಕ್ ಅಕ್ವಿಸಿಷನ್' ತೆರೆದರೆ ಸಣ್ಣ ವ್ಯಾಪಾರದ ಸೈಟುಗಳಲ್ಲಿ ದೊಡ್ಡ ಪಾಲು 'ಡೈರೆಕ್ಟ್' ಅಂತ ಇರುತ್ತದೆ. ವಿಳಾಸ ನೆನಪಿಟ್ಟು ಟೈಪ್ ಮಾಡಿದವರು ಇಷ್ಟೊಂದು ಜನ ಅಂತ ನಂಬಬೇಡಿ. ವಾಟ್ಸಾಪ್ ಗುಂಪಿನಲ್ಲಿ ಲಿಂಕ್ ಒತ್ತಿ ಬಂದವರೂ ಹೆಚ್ಚಾಗಿ ಅದೇ ಡಬ್ಬಿಗೆ ಬೀಳುತ್ತಾರೆ. ಪುಣೆಯ ನಮ್ಮವರ ಸುದ್ದಿಯೆಲ್ಲ ಓಡಾಡುವುದೇ ವಾಟ್ಸಾಪಿನಲ್ಲಿ, ಅದು ಕಾಣದಿದ್ದರೆ ಮುಖ್ಯವಾದ್ದೇ ಕಾಣಲಿಲ್ಲ.

ಇದಕ್ಕೆ ಮದ್ದು ಯುಟಿಎಂ. ಲಿಂಕಿನ ಬಾಲಕ್ಕೆ ಸೋರ್ಸ್, ಮೀಡಿಯಂ, ಕ್ಯಾಂಪೇನ್ ಅಂತ ಮೂರು ಮಾತು ಸೇರಿಸುವುದು, ಅಷ್ಟೇ. ಗೂಗಲ್‌ನದೇ ಕ್ಯಾಂಪೇನ್ ಯುಆರ್‌ಎಲ್ ಬಿಲ್ಡರ್ ಇದೆ, ಅದರಲ್ಲಿ ಮಾಡಿಕೊಳ್ಳಿ. ಅಕ್ಕನಿಗೆ ನಾನು ಬೇರೆ ಬೇರೆ ಲಿಂಕ್ ಮಾಡಿಕೊಟ್ಟಿದ್ದೇನೆ: ಹಿಂಜವಡಿಯ ಐಟಿ ಹುಡುಗರ ಗುಂಪಿಗೆ ಒಂದು, ಸೊಸೈಟಿಯ ಹೆಣ್ಣುಮಕ್ಕಳ ಗುಂಪಿಗೆ ಒಂದು, ರೊಟ್ಟಿ ಪ್ಯಾಕೆಟ್ ಮೇಲಿನ ಕ್ಯೂಆರ್ ಕೋಡಿಗೆ ಒಂದು. ಪ್ಯಾಕೆಟ್ಟಿನ ಕ್ಯೂಆರ್ ಮೇಲೆ ನನಗೆ ವಿಶೇಷ ಪ್ರೀತಿ. ಅದರಿಂದ ಬಂದವರು ಈಗಾಗಲೇ ರೊಟ್ಟಿ ತಿಂದವರು, ಇನ್ನೊಮ್ಮೆ ಬೇಕು ಅನ್ನುವವರು.

ಎಚ್ಚರ ಇರಬೇಕಾದ್ದು ಇಷ್ಟು. ಯಾವಾಗಲೂ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ. ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೆರೆಸಿದರೆ ಒಂದೇ ಹೆಸರು ಎರಡು ಸಾಲಾಗಿ ಒಡೆಯುತ್ತದೆ. ಮೀಡಿಯಂ ಜಾಗದಲ್ಲಿ ಮನಸ್ಸಿಗೆ ಬಂದದ್ದು ಬರೆದರೆ ಅವರೆಲ್ಲ 'ಅನ್‌ಅಸೈನ್ಡ್', ಅಂದರೆ ಯಾವ ಗುಂಪಿಗೂ ಸೇರದವರು, ಆಗಿಬಿಡಬಹುದು. 'ಸೋಷಿಯಲ್' ಅಂತ ಹಾಕಿದರೆ ಸರಿಯಾದ ಗುಂಪಿಗೆ ಹೋಗುತ್ತದೆ. ಸೈಟಿನ ಒಳಗಿನ ಲಿಂಕುಗಳಿಗೆ ಯುಟಿಎಂ ಹಾಕಲೇಬೇಡಿ, ಬಂದವರ ಮೂಲವೇ ಅಳಿಸಿಹೋಗುತ್ತದೆ.

ಊರಿನ ರಿಪೋರ್ಟನ್ನು ಜಾಸ್ತಿ ನಂಬಬೇಡಿ. ಊರು ಗೊತ್ತಾಗುವುದು ಐಪಿ ವಿಳಾಸದ ಅಂದಾಜಿನಿಂದ. ಮೊಬೈಲ್ ಡೇಟಾದಲ್ಲಿ ಬಂದ ಪುಣೆಯವರು ಮುಂಬೈಯವರಾಗಿ ಕಾಣಬಹುದು.

ಎಲ್ಲಿ ನಿಂತರು

'ಲ್ಯಾಂಡಿಂಗ್ ಪೇಜ್' ರಿಪೋರ್ಟ್ ತೆಗೆಯಿರಿ. ಜನ ಮೊದಲು ಕಾಲಿಟ್ಟ ಪುಟ ಯಾವುದು, ಅಲ್ಲಿಂದ ಕೀ ಈವೆಂಟ್ ಆಯಿತಾ, ಇದು ಒಂದೇ ಸಾಲಿನಲ್ಲಿ ಸಿಗುತ್ತದೆ. ಒಬ್ಬರು ಒಂದು ಸಲ ಸೈಟಿಗೆ ಬಂದು ಹೋಗುವುದು ಒಂದು 'ಸೆಷನ್'. 'ಎಂಗೇಜ್‌ಡ್ ಸೆಷನ್' ಅಂದರೆ 10 ಸೆಕೆಂಡಿಗಿಂತ ಹೆಚ್ಚು ಹೊತ್ತು ಇದ್ದದ್ದು, ಅಥವಾ ಎರಡು ಪುಟ ನೋಡಿದ್ದು, ಅಥವಾ ಕೀ ಈವೆಂಟ್ ಆದದ್ದು. ಈ ಮೂರರಲ್ಲಿ ಯಾವುದೂ ಆಗದ ಸೆಷನ್‌ಗಳ ಪ್ರಮಾಣವೇ ಬೌನ್ಸ್ ರೇಟ್.

ಅಕ್ಕನ ಸೈಟಿನಲ್ಲಿ ಬೌನ್ಸ್ ಕಮ್ಮಿಯೇ ಇತ್ತು. ಜನ ಓದುತ್ತಿದ್ದರು, ಆದರೂ ವಾಟ್ಸಾಪ್ ಒತ್ತುತ್ತಿರಲಿಲ್ಲ. ಈವೆಂಟ್ ಪಟ್ಟಿ ನೋಡಿದಾಗ 'ಫೈಲ್ ಡೌನ್‌ಲೋಡ್' ತುಂಬಾ ಕಂಡಿತು. ರೇಟ್ ಪಟ್ಟಿ ಪಿಡಿಎಫ್‌ನಲ್ಲಿತ್ತು! ಫೋನಿನಲ್ಲಿ ಪಿಡಿಎಫ್ ಇಳಿಸಿಕೊಂಡವರು ಸೈಟಿನಿಂದ ಹೊರಗೆ ಹೋದ ಹಾಗೆಯೇ. ವಾಟ್ಸಾಪ್ ಬಟನ್ ಇದ್ದದ್ದು ಕಾಂಟ್ಯಾಕ್ಟ್ ಪುಟದಲ್ಲಿ, ಅಲ್ಲಿಗೆ ಯಾರು ವಾಪಸ್ ಬರ್ತಾರೆ? ರೇಟನ್ನು ರೊಟ್ಟಿಯ ಪುಟದಲ್ಲೇ ಬರೆದು, ಅದರ ಕೆಳಗೇ ಬಟನ್ ಇಟ್ಟೆವು. ಕ್ಲಿಕ್ ಏರತೊಡಗಿತು.

ಸರ್ಚ್ ಕನ್ಸೋಲಿನಲ್ಲಿ ಇನ್ನೊಂದು ಸಿಕ್ಕಿತು. ಜನ ಗೂಗಲ್‌ನಲ್ಲಿ ಏನು ಟೈಪ್ ಮಾಡಿದಾಗ ನಿಮ್ಮ ಪುಟ ತೋರಿಸಿತು ಅನ್ನುವುದು ಇಲ್ಲಿ 16 ತಿಂಗಳವರೆಗೆ ಸಿಗುತ್ತದೆ. 'ಇಂಪ್ರೆಷನ್' (ಹುಡುಕಾಟದಲ್ಲಿ ನಿಮ್ಮ ಪುಟ ಕಂಡ ಸಲ) ಜಾಸ್ತಿ ಇದ್ದು ಕ್ಲಿಕ್ ಕಮ್ಮಿ ಇರುವ ಸಾಲುಗಳನ್ನು ಹುಡುಕಿ. ಕಡಕ್ ರೊಟ್ಟಿ ಎಷ್ಟು ದಿನ ಇಡಬಹುದು ಅಂತ ಜನ ಕೇಳುತ್ತಿದ್ದರು, ನಮ್ಮ ಪುಟದಲ್ಲಿ ಅದರ ಬಗ್ಗೆ ಒಂದು ಮಾತೂ ಇರಲಿಲ್ಲ. ಅಕ್ಕನನ್ನೇ ಕೇಳಿ, ಹೇಗೆ ಇಡಬೇಕು, ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿ ಯಾಕೆ ಬೇಕು ಅಂತ ಬರೆದು, ಪುಟದ ಶೀರ್ಷಿಕೆಯಲ್ಲೂ ಸೇರಿಸಿದೆ. ನಿಮ್ಮ ಗಿರಾಕಿಗಳು ಕೇಳುವ ಪ್ರಶ್ನೆ ಅಲ್ಲಿ ಬರೆದಿಟ್ಟ ಹಾಗೆ ಸಿಗುತ್ತದೆ, ದಯವಿಟ್ಟು ಓದಿ.

ವೇಗದ ಬಗ್ಗೆ ಚಿಕ್ಕದಾಗಿ: ಪುಟ ಎಷ್ಟು ಬೇಗ ತೆರೆಯುತ್ತದೆ ಅಂತ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಮೊಬೈಲ್ ಭಾಗ ನೋಡಿ. ಮುಖ್ಯ ಚಿತ್ರ ಅಥವಾ ಬರಹ 2.5 ಸೆಕೆಂಡಿನೊಳಗೆ ಕಾಣಬೇಕು. ಫೋನಿನಲ್ಲಿ ತೆಗೆದ ಫೋಟೋವನ್ನು ಹಾಗೇ ಹಾಕಿದ್ದರೆ, ಸಣ್ಣದು ಮಾಡಿ ವೆಬ್‌ಪಿ (ಕಮ್ಮಿ ಜಾಗ ಹಿಡಿಯುವ ಚಿತ್ರದ ಫೈಲ್) ರೂಪದಲ್ಲಿ ಹಾಕಿ.

ಬದಲಾವಣೆ ಮಾಡುವಾಗ

ಒಂದು ಸಲಕ್ಕೆ ಒಂದೇ ಬದಲಾವಣೆ. ಡೈರಿಯಲ್ಲಿ ತಾರೀಖು ಹಾಕಿ ಬರೆದಿಡಿ. ಮುಂಚಿನ 28 ದಿನ, ಆಮೇಲಿನ 28 ದಿನ ಹೋಲಿಸಿ. ಅದು ಸರಿಯಾಗಿ ನಾಲ್ಕು ವಾರ, ಎರಡೂ ಕಡೆ ಶನಿವಾರ ಭಾನುವಾರ ಅಷ್ಟಷ್ಟೇ ಇರುತ್ತವೆ. ನಡುವೆ ಹಬ್ಬ ಬಂದರೆ ಅದನ್ನೂ ಬರೆಯಿರಿ. ಬರುವವರೇ ಕಮ್ಮಿ ಇರುವ ಸೈಟಿನಲ್ಲಿ ಎರಡು ಮೂರು ಕ್ಲಿಕ್ ಹೆಚ್ಚಾದದ್ದಕ್ಕೆ ಅರ್ಥ ಹುಡುಕಬೇಡಿ, ಇನ್ನಷ್ಟು ದಿನ ಕಾಯಿರಿ.

ಗಿರಾಕಿಗಳ ಹೆಸರು, ಫೋನ್ ನಂಬರ್ ಅನಾಲಿಟಿಕ್ಸ್ ಒಳಗೆ ಹೋಗಬಾರದು. ಗೂಗಲ್‌ನ ನಿಯಮವೂ ಅದೇ. ಫಾರ್ಮ್ ತುಂಬಿದ ಮೇಲೆ ಬರುವ ಪುಟದ ವಿಳಾಸದಲ್ಲಿ ನಂಬರ್ ಸೇರಿಕೊಂಡಿದೆಯಾ ಅಂತ ಒಮ್ಮೆ ನೋಡಿಬಿಡಿ. ನಮ್ಮನ್ನು ನಂಬಿ ಕೊಟ್ಟ ನಂಬರ್ ಅದು.

ಕೊನೆಯ ಕೊಂಡಿ ವಾಟ್ಸಾಪಿನಾಚೆ ಇದೆ. ಅನಾಲಿಟಿಕ್ಸ್ ಕ್ಲಿಕ್ ತನಕ ಮಾತ್ರ ಹೇಳುತ್ತದೆ, ಆರ್ಡರ್ ಆಯಿತಾ ಅಂತ ಅದಕ್ಕೆ ಗೊತ್ತಿಲ್ಲ. ಅದಕ್ಕೇ ಪ್ರತಿ ಪುಟದ ವಾಟ್ಸಾಪ್ ಲಿಂಕಿನಲ್ಲಿ ಮೊದಲೇ ಬರೆದಿಟ್ಟ ಬೇರೆ ಬೇರೆ ಸಂದೇಶ ಹಾಕಿ. ರೊಟ್ಟಿ ಪುಟದಿಂದ ಬಂದವರದು "ನಮಸ್ಕಾರ, ಕಡಕ್ ರೊಟ್ಟಿ ಬೇಕಿತ್ತು" ಅಂತ, ಚಟ್ನಿ ಪುಟದ್ದು "ಶೇಂಗಾ ಚಟ್ನಿ ಬೇಕಿತ್ತು" ಅಂತ ತೆರೆದುಕೊಳ್ಳುತ್ತದೆ. ಅಕ್ಕ ಆರ್ಡರ್ ಪುಸ್ತಕದಲ್ಲಿ ಹೆಸರಿನ ಮುಂದೆ 'ರೊ' ಅಥವಾ 'ಚ' ಅಂತ ಬರೆಯುತ್ತಾರೆ. ತಿಂಗಳ ಕೊನೆಗೆ ಪುಸ್ತಕ, ರಿಪೋರ್ಟ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಕ್ಲಿಕ್ ಇದ್ದೂ ಆರ್ಡರ್ ಆಗದ ಕಡೆ ಸರಿಪಡಿಸಬೇಕಾದ್ದು ರೇಟೋ, ಡೆಲಿವರಿಯೋ, ಉತ್ತರ ಕೊಡುವುದು ತಡವಾಗಿದ್ದೋ ಇರುತ್ತದೆ.